ಹೇಳಿಕೊಳ್ಳಲಾಗದ ಗಂಟಿನ ಚರಿತ್ರೆ

ಯೋನಿಯ ಹೊರತುಟಿಯಲ್ಲಿ ಒಂದು ಗಂಟು ಕೈಗೆ ತಾಕಿದರೆ ನಮ್ಮ ಹೆಂಗಸರಲ್ಲಿ ಅನೇಕರು ಮೊದಲು ಮಾಡುವ ಕೆಲಸ ಅದನ್ನು ಮುಚ್ಚಿಡುವುದು. ಗಂಡನಿಗೆ ಹೇಳಲು ಸಂಕೋಚ, ತಾಯಿಗೆ ಹೇಳಲು ನಾಚಿಕೆ, ವೈದ್ಯರಿಗೆ ತೋರಿಸಲು ಹೆದರಿಕೆ. ಉಷ್ಣಕ್ಕೆ ಆಗಿರಬೇಕೆಂದು ಹರಳೆಣ್ಣೆ ಹಚ್ಚಿಕೊಂಡು ತಿಂಗಳುಗಟ್ಟಲೆ ಕಾಯುವವರುಂಟು. ಕುಳಿತುಕೊಳ್ಳಲಾಗದಷ್ಟು ನೋವು ಬಂದಾಗ, ಇಲ್ಲವೇ ಗಂಟು ಒಡೆದು ಬಟ್ಟೆಯ ಮೇಲೆ ರಕ್ತ ಕಂಡಾಗಲೇ ಅವರು ಆಸ್ಪತ್ರೆಯ ಮೆಟ್ಟಿಲು ಹತ್ತುವುದು. ಈ ತಡ ಇಂದು ನಿನ್ನೆಯದಲ್ಲ. ನಮ್ಮ ದೇಶಕ್ಕೆ ಮಾತ್ರ ಸೇರಿದ್ದೂ ಅಲ್ಲ.

ಇಂಥ ಗಂಟುಗಳಲ್ಲಿ ಹೆಚ್ಚಿನವು ಜೀವಕ್ಕೆ ಎರವಾಗುವಂಥವಲ್ಲ. ತೊಡಕಿರುವುದು ಅವುಗಳನ್ನು ಗುರುತಿಸುವುದರಲ್ಲಿ. ನೀರು ತುಂಬಿದ ಚೀಲ, ಕೀವುಗಟ್ಟಿದ ಗ್ರಂಥಿ, ಕೊಬ್ಬಿನ ಗೆಡ್ಡೆ, ಹೊಟ್ಟೆಯೊಳಗಿನಿಂದ ಇಳಿದುಬಂದ ಹರ್ನಿಯ, ಕ್ಯಾನ್ಸರ್ ಇವೆಲ್ಲ ಆ ಸಣ್ಣ ಜಾಗದಲ್ಲಿ ಹೊರನೋಟಕ್ಕೆ ಒಂದೇ ತೆರನಾಗಿ ಕಾಣಬಲ್ಲವು. ಒಂದಕ್ಕೆ ಸಣ್ಣ ಗೀರು ಸಾಕು. ಇನ್ನೊಂದಕ್ಕೆ ಅದೇ ಗೀರು ಅನಾಹುತ. ಆದ್ದರಿಂದಲೇ ಈ ಶಸ್ತ್ರಚಿಕಿತ್ಸೆಯ ಚರಿತ್ರೆಯನ್ನು, ಹೇಗೆ ಕತ್ತರಿಸಬೇಕು ಎಂದು ಯೋಚಿಸುವ ಮುಂಚೆ ಇದು ಏನು ಎಂದು ಕೇಳಲು ವೈದ್ಯರು ಕಲಿತುಕೊಂಡ ಕಥೆ ಎನ್ನಬಹುದು. ಆ ಕಲಿಕೆಗೆ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಹಳೆಯ ಗ್ರಂಥಗಳಲ್ಲಿ

ನಮ್ಮ ಪ್ರಾಚೀನ ವೈದ್ಯರಿಗೆ ಈ ಗಂಟುಗಳ ಪರಿಚಯವಿತ್ತು. ಸುಶ್ರುತ ಸಂಹಿತೆಯು ಗ್ರಂಥಿ ಮತ್ತು ಅರ್ಬುದ ಎಂದು ಎರಡು ಬಗೆಯ ಗಂಟುಗಳನ್ನು ಬೇರೆಬೇರೆಯಾಗಿ ವರ್ಣಿಸುತ್ತದೆ. ದುಂಡಗಿದ್ದು, ಅಲುಗಾಡದೆ, ಆಳಕ್ಕೆ ಬೇರೂರಿ, ನಿಧಾನವಾಗಿ ಬೆಳೆಯುತ್ತ, ಕೀವುಗಟ್ಟದೆ ಉಳಿಯುವಂಥದು ಅರ್ಬುದ. ಅದನ್ನು ತೆಗೆಯುವಾಗ ಸ್ವಲ್ಪ ಉಳಿಸಿದರೂ ಮತ್ತೆ ಬೆಳೆಯುತ್ತದೆ ಎಂಬ ಎಚ್ಚರಿಕೆಯನ್ನೂ ಆ ಗ್ರಂಥ ಕೊಡುತ್ತದೆ. ಸುಮಾರು 7-8ನೇ ಶತಮಾನದ ಮಾಧವನಿದಾನದಲ್ಲಂತೂ ‘ಯೋನಿಕಂದ’ ಎಂಬ ಹೆಸರಿನಲ್ಲಿ ಈ ಭಾಗದ ಗೆಡ್ಡೆಗೇ ಪ್ರತ್ಯೇಕ ವಿವರಣೆ ಇದೆ. ಗ್ರಂಥಕಾರ ಅದನ್ನು ಹಲಸಿನ ಜಾತಿಗೆ ಸೇರಿದ ಲಕುಚದ ಕಾಯಿಗೆ ಹೋಲಿಸುತ್ತಾನೆ. ಉಗುರು, ಹಲ್ಲು ತಾಗಿದ ಗಾಯಗಳನ್ನೂ ಅದರ ಕಾರಣಗಳಲ್ಲಿ ಎಣಿಸುತ್ತಾನೆ.

ಗಾಯದಿಂದ ಗಂಟು ಹುಟ್ಟುತ್ತದೆಂಬ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಹೆರಿಗೆಯಲ್ಲಿ ಹರಿದ ಜಾಗವನ್ನು ಹೊಲಿಯುವಾಗ ಚರ್ಮದ ಒಂದು ಚೂರು ಒಳಗೆ ಸಿಕ್ಕಿಕೊಂಡರೆ, ಅದು ಅಲ್ಲಿಯೇ ಬೆಳೆದು ವರ್ಷಗಳ ನಂತರ ಗಂಟಾಗುವುದುಂಟು. ಹೆಣ್ಣುಮಕ್ಕಳ ಜನನಾಂಗವನ್ನು ಕತ್ತರಿಸುವ ಕ್ರೂರ ಪದ್ಧತಿ ಉಳಿದಿರುವ ಆಫ್ರಿಕದ ಕೆಲವು ಪ್ರದೇಶಗಳಲ್ಲಿ ಇಂಥ ಗಂಟುಗಳು ಈಗಲೂ ಕಾಣಸಿಗುತ್ತವೆ. ಆದರೆ ಪ್ರಾಚೀನರಿಗೆ ಇದ್ದ ಸಾಧನಗಳು ಕಣ್ಣು ಮತ್ತು ಕೈ ಮಾತ್ರ. ಗಂಟು ಯಾವ ಅಂಗದಿಂದ ಹುಟ್ಟಿತು ಎಂಬುದನ್ನು ಅವರು ಅರಿಯುವಂತಿರಲಿಲ್ಲ. ಅದಕ್ಕೆ ಶವಚ್ಛೇದನದ ವಿದ್ಯೆ ಬೆಳೆಯಬೇಕಾಗಿತ್ತು.

ಎರಡು ಹೆಸರುಗಳು

ಕೋಪನ್‌ಹೇಗನ್ನಿನ ಬಾರ್ತೊಲಿನ್ ಮನೆತನ ಅಂಗರಚನಾಶಾಸ್ತ್ರಕ್ಕೆ ಹೆಸರಾದುದು. ತಂದೆ ಥಾಮಸ್ ಬಾರ್ತೊಲಿನ್, ಮನುಷ್ಯನ ದೇಹದಲ್ಲಿ ತಿಳಿನೀರಿನಂಥ ರಸವನ್ನು ಸಾಗಿಸುವ ದುಗ್ಧನಾಳಗಳ ಜಾಲವನ್ನು 1650ರ ದಶಕದಲ್ಲಿ ವಿವರಿಸಿದ. ಮಗ ಕ್ಯಾಸ್ಪರ್ ಬಾರ್ತೊಲಿನ್ 1677ರಲ್ಲಿ, ತನ್ನ 22ರ ಆಸುಪಾಸಿನ ವಯಸ್ಸಿನಲ್ಲಿ, ಯೋನಿದ್ವಾರದ ಇಕ್ಕೆಲಗಳಲ್ಲಿ ಬಟಾಣಿ ಗಾತ್ರದ ಎರಡು ಗ್ರಂಥಿಗಳಿರುವುದನ್ನು ಬರೆದಿಟ್ಟ. ತೇವ ಒಸರುವುದು ಅವುಗಳ ಕೆಲಸ. ಅವುಗಳ ಸಣ್ಣ ನಾಳ ಕಟ್ಟಿಕೊಂಡರೆ ರಸ ಒಳಗೇ ಉಳಿದು ಚೀಲವಾಗುತ್ತದೆ. ಸೋಂಕು ತಗುಲಿದರೆ ಕೀವಿನ ಗಂಟಾಗುತ್ತದೆ. ನೂರು ಹೆಂಗಸರಲ್ಲಿ ಸುಮಾರು ಇಬ್ಬರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಈ ತೊಂದರೆ ಬರುತ್ತದೆಂದು ವೈದ್ಯಗ್ರಂಥಗಳು ಹೇಳುತ್ತವೆ. ಈ ಭಾಗದ ಗಂಟುಗಳಲ್ಲಿ ಅತಿ ಪರಿಚಿತವಾದುದು ಇದೇ. ಈ ಪರಿಚಯವೇ ಮುಂದೆ ಅನೇಕ ತಪ್ಪುಗಳಿಗೂ ಕಾರಣವಾಯಿತು. ಏನೇ ಗಂಟು ಕಂಡರೂ ಬಾರ್ತೊಲಿನ್ ಗ್ರಂಥಿಯದೇ ಇರಬೇಕು ಎಂಬ ಭಾವನೆ ಬೇರೂರಿತು.

ಅದು ಎಷ್ಟು ಅಪಾಯಕಾರಿ ಎಂಬುದು ಎರಡನೆಯ ಹೆಸರಿನಿಂದ ತಿಳಿಯುತ್ತದೆ. ಹಾಲೆಂಡಿನ ಲೈಡನ್ ನಗರದ ಆಂಟನ್ ನಕ್ 1691ರಲ್ಲಿ ಒಂದು ಸಣ್ಣ ಸುರಂಗವನ್ನು ವಿವರಿಸಿದ. ಹೆಣ್ಣು ಶಿಶು ಗರ್ಭದಲ್ಲಿದ್ದಾಗ, ಹೊಟ್ಟೆಯ ಒಳಪೊರೆಯ ಒಂದು ಮಡಿಕೆ ತೊಡೆಸಂದಿನ ಮೂಲಕ ಹೊರತುಟಿಯವರೆಗೆ ಇಳಿದಿರುತ್ತದೆ. ಸಾಮಾನ್ಯವಾಗಿ ಹುಟ್ಟುವ ಹೊತ್ತಿಗೆ ಅಥವಾ ಶೈಶವದಲ್ಲಿ ಅದು ಮುಚ್ಚಿಹೋಗುತ್ತದೆ. ಮುಚ್ಚದೆ ಉಳಿದರೆ ಅದರಲ್ಲಿ ನೀರು ತುಂಬಿ ಗಂಡಸರ ಬುಡ್ಡದಂಥ ನೀರುಗಂಟು ಏಳಬಹುದು. ಅದೇ ದಾರಿಯಲ್ಲಿ ಕರುಳಿನ ತುಂಡು ಇಳಿಯಬಹುದು. ಹೆಣ್ಣುಕೂಸುಗಳಲ್ಲಿ ಅಂಡಾಶಯವೇ ಇಳಿದುಬರುವುದುಂಟು. ಇದು ಅಪರೂಪ. ಆದರೆ ಕೀವಿನ ಗಂಟೆಂದು ತಿಳಿದು ಇಂಥದರ ಮೇಲೆ ಚೂರಿ ಆಡಿಸಿದರೆ ತೆರೆದುಕೊಳ್ಳುವುದು ಹೊಟ್ಟೆಯೇ. ಕೆಮ್ಮಿದಾಗ ಗಂಟು ಉಬ್ಬುತ್ತದೆಯೇ, ಮಲಗಿದಾಗ ಕುಗ್ಗುತ್ತದೆಯೇ ಎಂದು ವೈದ್ಯರು ಇಂದಿಗೂ ಕೇಳುವ ಸರಳ ಪ್ರಶ್ನೆಗಳ ಹಿಂದೆ ಈ ಎಚ್ಚರವಿದೆ.

ಸೂಕ್ಷ್ಮದರ್ಶಕದ ತೀರ್ಪು

ಹೆಸರುಗಳು ಸಿಕ್ಕರೂ ಚಿಕಿತ್ಸೆ ಬಹಳ ಕಾಲ ಹಿಂದುಳಿಯಿತು. 1846ರಲ್ಲಿ ಬಾಸ್ಟನ್ನಿನಲ್ಲಿ ಈಥರ್ ಅರಿವಳಿಕೆಯ ಪ್ರದರ್ಶನ ನಡೆಯುವವರೆಗೆ, ದೇಹದಲ್ಲೇ ಅತಿ ಸೂಕ್ಷ್ಮ ಸಂವೇದನೆಯುಳ್ಳ ಈ ಭಾಗದ ಶಸ್ತ್ರಕ್ರಿಯೆಯನ್ನು ರೋಗಿಯ ಪೂರ್ಣ ಎಚ್ಚರದಲ್ಲೇ ಮಾಡಬೇಕಿತ್ತು. 1867ರಲ್ಲಿ ಜೋಸೆಫ್ ಲಿಸ್ಟರ್ ನಂಜುನಿವಾರಕ ವಿಧಾನವನ್ನು ಪ್ರಕಟಿಸುವವರೆಗೆ, ಗಾಯ ಕೊಳೆತು ಸಾಯುವ ಭಯ ತಪ್ಪಿರಲಿಲ್ಲ. ಈ ಎರಡು ತಡೆಗಳು ಸರಿದ ಮೇಲೆ ಶಸ್ತ್ರವೈದ್ಯರ ಧೈರ್ಯ ಹೆಚ್ಚಿತು. ಆದರೆ ತೆಗೆಯುತ್ತಿರುವುದು ಏನನ್ನು ಎಂಬುದನ್ನು ಹೇಳುವವರು ಬೇಕಾಗಿದ್ದರು.

ಆ ಕೆಲಸಕ್ಕೆ ಬಂದುದು ಸೂಕ್ಷ್ಮದರ್ಶಕ. 1858ರಲ್ಲಿ ಬರ್ಲಿನ್ನಿನ ರುಡಾಲ್ಫ್ ವಿರ್ಕೊ, ರೋಗವನ್ನು ಜೀವಕೋಶಗಳಲ್ಲಿ ಹುಡುಕಬೇಕೆಂದು ಸಾರಿದ. 1878ರಲ್ಲಿ ಅದೇ ನಗರದ ಕಾರ್ಲ್ ರೂಗೆ ಮತ್ತು ಯೊಹಾನ್ ವೈಟ್ ಎಂಬ ಸ್ತ್ರೀರೋಗ ತಜ್ಞರು, ಗರ್ಭಕಂಠದಿಂದ ಚಿಕ್ಕ ಚೂರು ತೆಗೆದು ಪರೀಕ್ಷಿಸಿದ ಮೇಲೆಯೇ ದೊಡ್ಡ ಶಸ್ತ್ರಕ್ರಿಯೆಯ ನಿರ್ಧಾರ ಮಾಡಬೇಕೆಂದು ವಾದಿಸಿದರು. ಮರುವರ್ಷ, 1879ರಲ್ಲಿ, ಫ್ರಾನ್ಸಿನ ಚರ್ಮವೈದ್ಯ ಅರ್ನೆಸ್ಟ್ ಬೆನಿಯೆ ಈ ವಿಧಾನಕ್ಕೆ ಬಯಾಪ್ಸಿ ಎಂಬ ಹೆಸರು ಕೊಟ್ಟ. ಬಯಾಪ್ಸಿ ಎಂದರೆ ಕ್ಯಾನ್ಸರ್ ಎಂದೇ ನಮ್ಮಲ್ಲಿ ಬಹಳ ಜನ ಹೆದರುತ್ತಾರೆ. ವಾಸ್ತವವಾಗಿ ಅದು ಬಂದಿದ್ದು ಅನಗತ್ಯ ಶಸ್ತ್ರಕ್ರಿಯೆಯಿಂದ ಹೆಂಗಸರನ್ನು ಪಾರುಮಾಡಲು ಕೂಡ ಎಂಬುದನ್ನು ಮರೆಯಬಾರದು.

ನೋಡುವವರು ಯಾರು?

ಇಷ್ಟೆಲ್ಲ ಯುರೋಪಿನಲ್ಲಿ ನಡೆಯುತ್ತಿದ್ದಾಗ ಭಾರತದಲ್ಲಿ ಪ್ರಶ್ನೆ ಇನ್ನೂ ಮೊದಲ ಹಂತದಲ್ಲಿತ್ತು. ರೋಗವನ್ನು ಗುರುತಿಸಲು ಮೊದಲು ಯಾರಾದರೂ ನೋಡಬೇಕು. ಗಂಡು ವೈದ್ಯನಿಗೆ ತೋರಿಸುವುದಕ್ಕಿಂತ ಸಾಯುವುದು ಮೇಲೆಂದು ಭಾವಿಸಿದ ಹೆಂಗಸರು ರಾಣಿವಾಸದಿಂದ ಗುಡಿಸಲಿನವರೆಗೆ ಇದ್ದರು. 1875ರಲ್ಲಿ ಮದರಾಸು ವೈದ್ಯಕೀಯ ಕಾಲೇಜು ಮೇರಿ ಶಾರ್ಲಿಬ್ ಸೇರಿದಂತೆ ನಾಲ್ವರು ಮಹಿಳೆಯರನ್ನು ವಿದ್ಯಾರ್ಥಿನಿಯರಾಗಿ ಸೇರಿಸಿಕೊಂಡಿತು. 1881ರಲ್ಲಿ ಲಖನೌದಲ್ಲಿದ್ದ ಎಲಿಜಬೆತ್ ಬೀಲ್ಬಿ, ತಾವು ಉಪಚರಿಸಿದ ಪನ್ನಾ ಸಂಸ್ಥಾನದ ಮಹಾರಾಣಿಯ ಸಂದೇಶವನ್ನು ಇಂಗ್ಲೆಂಡಿಗೆ ಒಯ್ದು ವಿಕ್ಟೋರಿಯ ರಾಣಿಗೆ ಮುಟ್ಟಿಸಿದರು. ಕಾಯಿಲೆ ಬಿದ್ದ ಭಾರತದ ಹೆಂಗಸರು ಪಡುವ ಪಾಡನ್ನು ತಿಳಿಸುವುದೇ ಆ ಸಂದೇಶದ ಸಾರವಾಗಿತ್ತು. 1885ರಲ್ಲಿ ವೈಸ್‌ರಾಯ್ ಪತ್ನಿ ಲೇಡಿ ಡಫರಿನ್ ಹೆಸರಿನಲ್ಲಿ ನಿಧಿ ಸ್ಥಾಪನೆಯಾಗಿ, ಹೆಂಗಸರಿಗಾಗಿಯೇ ಆಸ್ಪತ್ರೆಗಳು ಏಳತೊಡಗಿದವು. ಮೈಸೂರಿನಲ್ಲಿ 1906ರಲ್ಲಿ ಆರಂಭವಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಬೆಂಗಳೂರಿನಲ್ಲಿ 1935ರಲ್ಲಿ ತೆರೆದ ವಾಣಿವಿಲಾಸ ಆಸ್ಪತ್ರೆ ಇವು ನಮ್ಮ ನಾಡಿನ ಹೆಣ್ಣುಮಕ್ಕಳಿಗೆ ಸಂಕೋಚ ಬಿಟ್ಟು ಒಳಹೋಗುವ ಬಾಗಿಲುಗಳಾದವು.

ನಮ್ಮ ದೇಶದ ಗಂಟುಗಳಿಗೆ ಇನ್ನೊಂದು ವಿಶೇಷವೂ ಇತ್ತು. ಗೆಡ್ಡೆಯೆಂದು ಕಂಡದ್ದು ಎಷ್ಟೋ ಬಾರಿ ಸೋಂಕಿನ ಫಲವಾಗಿರುತ್ತಿತ್ತು. 1872ರಲ್ಲಿ ಕಲ್ಕತ್ತದಲ್ಲಿ ಟಿಮೊತಿ ಲೂಯಿಸ್, ಮನುಷ್ಯನ ರಕ್ತದಲ್ಲಿ ಆನೆಕಾಲು ರೋಗದ ಹುಳುವಿನ ಮರಿಗಳನ್ನು ಕಂಡ. ನಮ್ಮ ಕರಾವಳಿ ಮತ್ತು ಕಲಬುರಗಿ ಭಾಗಗಳಿಗೆ ಚಿರಪರಿಚಿತವಾದ ಈ ರೋಗ ಕಾಲಿಗಷ್ಟೇ ಸೀಮಿತವಲ್ಲ. ಅಪರೂಪಕ್ಕೆ ಹೆಂಗಸರ ಹೊರತುಟಿಗಳಿಗೂ ಬಂದು, ಅವು ದಪ್ಪಗಾಗಿ ಜೋತುಬೀಳುವಂತೆ ಮಾಡುತ್ತದೆ. 1905ರಲ್ಲಿ ಮದರಾಸಿನ ಚಾರ್ಲ್ಸ್ ಡೊನೊವನ್, ಜನನಾಂಗದ ಒಂದು ಬಗೆಯ ಹುಣ್ಣಿಗೆ ಕಾರಣವಾದ ಸೂಕ್ಷ್ಮಜೀವಿಯನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸಿದ. ಆ ಹುಣ್ಣೂ ಹಳೆಯದಾದರೆ ಬಾವು ಬಂದು ಕ್ಯಾನ್ಸರಿನಂತೆ ಕಾಣುತ್ತದೆ. ಕ್ಷಯರೋಗವೂ ಹೀಗೆ ಮೋಸಗೊಳಿಸುವುದುಂಟು. ಡೊನೊವನ್ ಕಂಡ ಹುಣ್ಣು ಇಂದು ಔಷಧಿಯಿಂದಲೇ ವಾಸಿಯಾಗುತ್ತದೆ. ಚೂರು ತೆಗೆದು ನೋಡದೆ ಅದನ್ನು ಕ್ಯಾನ್ಸರ್ ಎಂದು ಕತ್ತರಿಸಿದರೆ ಕಳೆದುಹೋದ ಅಂಗ ಮರಳಿ ಬಾರದು.

ದೊಡ್ಡ ಶಸ್ತ್ರಕ್ರಿಯೆಯ ಕಾಲ

ಹಾಗೆಂದು ಕ್ಯಾನ್ಸರ್ ಬರುವುದೇ ಇಲ್ಲವೆಂದಲ್ಲ. ಹೆಂಗಸರ ಜನನಾಂಗದ ಕ್ಯಾನ್ಸರುಗಳಲ್ಲಿ ಈ ಭಾಗದ್ದು ನೂರಕ್ಕೆ ನಾಲ್ಕೈದು ಮಾತ್ರ. ಆದರೂ 20ನೇ ಶತಮಾನದ ಆರಂಭದಲ್ಲಿ ಅದು ಬಂದವರು ಉಳಿಯುವ ಆಸೆ ಕಡಿಮೆ ಇತ್ತು. ಗಂಟನ್ನಷ್ಟೇ ತೆಗೆಸಿಕೊಂಡವರಲ್ಲಿ ಐದು ವರ್ಷ ಬದುಕಿದವರು ನೂರಕ್ಕೆ 20-25 ಮಂದಿ. ಗಂಟು ಹೋದರೂ ರೋಗ ತೊಡೆಸಂದಿನಲ್ಲಿ ಮತ್ತೆ ತಲೆಯೆತ್ತುತ್ತಿತ್ತು. ಥಾಮಸ್ ಬಾರ್ತೊಲಿನ್ ವಿವರಿಸಿದ್ದ ದುಗ್ಧನಾಳಗಳೇ ಕ್ಯಾನ್ಸರ್ ಕೋಶಗಳು ಸಾಗುವ ದಾರಿಯಾಗಿದ್ದವು.

1912ರಲ್ಲಿ ಪ್ಯಾರಿಸ್ಸಿನ ಆಂಟೊಯ್ನ್ ಬ್ಯಾಸೆ ಇದಕ್ಕೆ ಕಠಿಣ ಪರಿಹಾರ ಸೂಚಿಸಿದ. ಹೊರಜನನಾಂಗವನ್ನೂ ಎರಡು ಕಡೆಯ ತೊಡೆಸಂದಿನ ದುಗ್ಧಗ್ರಂಥಿಗಳನ್ನೂ ನಡುವಿನ ಚರ್ಮದ ಸಮೇತ ಒಂದೇ ತುಂಡಾಗಿ ತೆಗೆಯಬೇಕೆಂಬುದು ಅವನ ಸಲಹೆ. ಅಮೆರಿಕದ ಸೇಂಟ್ ಲೂಯಿಸ್ ನಗರದ ಫ್ರೆಡರಿಕ್ ಟಾಸಿಗ್ ಈ ಮಾರ್ಗದಲ್ಲಿ ಮುಂದುವರಿದು, 1940ರಲ್ಲಿ 155 ರೋಗಿಗಳ ವಿವರ ಪ್ರಕಟಿಸಿದ. ಇಂಗ್ಲೆಂಡಿನ ಗೇಟ್ಸ್‌ಹೆಡ್ಡಿನಲ್ಲಿ ಸ್ಟ್ಯಾನ್ಲಿ ವೇ ಈ ಭಾಗದ ದುಗ್ಧನಾಳಗಳ ಹಾದಿಯನ್ನು ಅಭ್ಯಾಸ ಮಾಡಿ, 1948ರಲ್ಲಿ ವಿಸ್ತಾರವಾದ ಶಸ್ತ್ರಕ್ರಿಯೆಯನ್ನು ಸಮರ್ಥಿಸಿದ. ಫಲ ಸಿಕ್ಕಿತು. ಐದು ವರ್ಷ ಬದುಕುವವರ ಸಂಖ್ಯೆ ನೂರಕ್ಕೆ 60 ದಾಟಿತು.

ಆದರೆ ಅದಕ್ಕೆ ತೆತ್ತ ಬೆಲೆಯನ್ನು ಈ ಅಂಕಿ ಹೇಳುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಹೊಲಿಗೆ ಬಿಚ್ಚಿಕೊಂಡು ಗಾಯ ಬಾಯ್ದೆರೆಯುತ್ತಿತ್ತು. ವಾರಗಟ್ಟಲೆ ಆಸ್ಪತ್ರೆಯಲ್ಲಿ ಮಲಗಬೇಕು. ದುಗ್ಧಗ್ರಂಥಿಗಳು ಹೋದ ಕಾರಣ ಕಾಲುಗಳು ಜೀವನಪರ್ಯಂತ ಊದಿಕೊಳ್ಳುತ್ತಿದ್ದವು. ದಾಂಪತ್ಯವಂತೂ ಮುಗಿದ ಅಧ್ಯಾಯ. ಉಳಿದವರು ಬದುಕಿದ್ದೇ ಭಾಗ್ಯವೆಂದುಕೊಂಡು ಸುಮ್ಮನಿದ್ದರು. ಇದು ನಾಲ್ಕು ಜನರೆದುರು ಆಡುವ ನೋವೂ ಆಗಿರಲಿಲ್ಲ.

1970ರ ದಶಕದ ಕೊನೆಗೆ ವೈದ್ಯರಲ್ಲೇ ಪ್ರಶ್ನೆ ಎದ್ದಿತು. ಗಂಟು ಚಿಕ್ಕದಿದ್ದರೂ ಎಲ್ಲವನ್ನೂ ತೆಗೆಯಬೇಕೇ? 1979ರಲ್ಲಿ ಅಮೆರಿಕದ ಫಿಲಿಪ್ ಡಿಸಾಯ ಮತ್ತು ಸಂಗಡಿಗರು, ಆರಂಭದ ಹಂತದಲ್ಲಿ ಅಂಗವನ್ನು ಬಹುಮಟ್ಟಿಗೆ ಉಳಿಸಿ ಚಿಕಿತ್ಸೆ ಮಾಡುವ ಬಗೆಯನ್ನು ಮುಂದಿಟ್ಟರು. 1981ರಲ್ಲಿ ನೆವಿಲ್ ಹ್ಯಾಕರ್ ಮತ್ತು ಸಂಗಡಿಗರು, ಒಂದೇ ದೊಡ್ಡ ಗಾಯದ ಬದಲು ಮೂರು ಬೇರೆಬೇರೆ ಗೀರುಗಳಲ್ಲಿ ಕೆಲಸ ಮುಗಿಸಬಹುದೆಂದು ತೋರಿಸಿದರು. 1990ರ ದಶಕದಲ್ಲಿ ಇನ್ನೊಂದು ಉಪಾಯ ಬಂತು. ಗಂಟಿನ ಸುತ್ತ ನೀಲಿ ಬಣ್ಣವನ್ನೂ ಅತ್ಯಲ್ಪ ವಿಕಿರಣ ವಸ್ತುವನ್ನೂ ಚುಚ್ಚಿದರೆ ಅವು ದುಗ್ಧನಾಳದ ದಾರಿ ಹಿಡಿದು ಮೊದಲು ಸೇರುವ ಗ್ರಂಥಿಯನ್ನು ತೋರಿಸುತ್ತವೆ. ಇದನ್ನು ಕಾವಲು ಗ್ರಂಥಿ ಎನ್ನಬಹುದು. ಅದರಲ್ಲಿ ಕ್ಯಾನ್ಸರ್ ಕೋಶ ಇಲ್ಲದಿದ್ದರೆ ಉಳಿದವನ್ನು ಮುಟ್ಟಬೇಕಾಗಿಲ್ಲ. ನೆದರ್ಲೆಂಡಿನ ತಜ್ಞರ ಮುಂದಾಳತ್ವದಲ್ಲಿ 403 ಮಹಿಳೆಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಸ್ಥಿರಪಡಿಸಿತು. ಒಂದೇ ಗಂಟಿದ್ದು, ಕಾವಲು ಗ್ರಂಥಿ ಶುದ್ಧವಾಗಿದ್ದವರಲ್ಲಿ ತೊಡೆಸಂದಿನಲ್ಲಿ ರೋಗ ಮರುಕಳಿಸಿದ್ದು ನೂರಕ್ಕೆ ಎರಡು ಮೂರು ಮಂದಿಗೆ ಮಾತ್ರ.

ಕಾಂಗರೂ ಚೀಲ ಮತ್ತು ರಬ್ಬರ್ ನಳಿಕೆ

ಸಾಮಾನ್ಯ ಗಂಟಿನ ಚಿಕಿತ್ಸೆಯೂ ಇದೇ ದಿಕ್ಕಿನಲ್ಲಿ ಸಾಗಿತು. ಬಾರ್ತೊಲಿನ್ ಗ್ರಂಥಿಯ ಗಂಟನ್ನು ಬರಿದೆ ಗೀರಿ ಬಿಟ್ಟರೆ ಗಾಯ ಮುಚ್ಚಿಕೊಂಡು ಮತ್ತೆ ತುಂಬುತ್ತಿತ್ತು. ಗ್ರಂಥಿಯನ್ನೇ ಕಿತ್ತರೆ ರಕ್ತಸ್ರಾವ ಹೆಚ್ಚು, ತೇವವೂ ಹೋಯಿತು. 1950ರ ಸುಮಾರಿಗೆ ಬಳಕೆಗೆ ಬಂದ ವಿಧಾನದಲ್ಲಿ ಚೀಲವನ್ನು ತೆರೆದು ಅದರ ಅಂಚನ್ನು ಹೊರಚರ್ಮಕ್ಕೆ ಹೊಲಿಯಲಾಗುತ್ತದೆ. ಕಾಂಗರೂವಿನ ಹೊಟ್ಟೆಚೀಲದಂತೆ ಬಾಯಿ ತೆರೆದೇ ಇರುವುದರಿಂದ ರಸ ಹರಿದುಹೋಗುತ್ತದೆ, ಗ್ರಂಥಿಯೂ ಉಳಿಯುತ್ತದೆ. 1964ರಲ್ಲಿ ಅಮೆರಿಕದ ಬ್ಯೂಫರ್ಡ್ ವರ್ಡ್ ಇದನ್ನು ಇನ್ನೂ ಸುಲಭಗೊಳಿಸಿದ. ತುದಿಯಲ್ಲಿ ಪುಟ್ಟ ಬಲೂನಿರುವ ಗಿಡ್ಡ ರಬ್ಬರ್ ನಳಿಕೆಯನ್ನು ಸಣ್ಣ ಗೀರಿನಲ್ಲಿ ತೂರಿಸಿ ನಾಲ್ಕು ವಾರ ಬಿಟ್ಟರೆ ಹೊಸ ದಾರಿ ತಾನಾಗಿ ಮೂಡುತ್ತದೆ. ಹೊರರೋಗಿಯಾಗಿ ಬಂದವರು ಅಂದೇ ಮನೆಗೆ ಹೋಗಬಹುದು. ಆದರೆ 40 ದಾಟಿದವರಲ್ಲಿ ಇಂಥ ಗಂಟು ಹೊಸದಾಗಿ ಕಂಡರೆ ಒಂದು ಚೂರನ್ನು ಪರೀಕ್ಷೆಗೆ ಕಳುಹಿಸಬೇಕೆಂಬುದು ವೈದ್ಯರ ನಿಯಮ. ಆ ಗ್ರಂಥಿಯಲ್ಲೂ ವಿರಳವಾಗಿ ಕ್ಯಾನ್ಸರ್ ಅಡಗಿರಬಲ್ಲದು.

ನೀರುಗಡ್ಡೆಯಂತೆ ನಟಿಸುವ ಗೆಡ್ಡೆ

ರೋಗಪತ್ತೆ ಎಷ್ಟು ನಾಜೂಕಿನ ಕೆಲಸ ಎಂಬುದಕ್ಕೆ 1983ರ ಒಂದು ಪ್ರಬಂಧ ಒಳ್ಳೆಯ ಉದಾಹರಣೆ. ಅಮೆರಿಕದ ಸ್ಟೀಪರ್ ಮತ್ತು ರೊಸಾಯ್ ಎಂಬ ತಜ್ಞರು ಆವರೆಗೆ ಪ್ರತ್ಯೇಕ ಹೆಸರಿಲ್ಲದಿದ್ದ ಒಂದು ಗೆಡ್ಡೆಯನ್ನು ಒಂಬತ್ತು ರೋಗಿಗಳಲ್ಲಿ ಗುರುತಿಸಿ, ಅದನ್ನು ಅಗ್ರೆಸಿವ್ ಆಂಜಿಯೋಮಿಕ್ಸೋಮ ಎಂದು ಕರೆದರು. ಮಕ್ಕಳಾಗುವ ವಯಸ್ಸಿನ ಹೆಂಗಸರಲ್ಲಿ ಹೆಚ್ಚಾಗಿ ಕಾಣುವ ಇದು ಲೋಳೆಯಂತೆ ಮೆತ್ತಗಿರುತ್ತದೆ. ನೋವಿಲ್ಲ. ಮುಟ್ಟಿದರೆ ನೀರುಗಂಟು ಅಥವಾ ಹರ್ನಿಯ ಎನಿಸುತ್ತದೆ. ಹೊರಗೆ ನಿಂಬೆಯಷ್ಟು ಕಂಡರೂ ಒಳಗೆ ಕಿಬ್ಬೊಟ್ಟೆಯವರೆಗೆ ಹಬ್ಬಿರಬಹುದು. ಬೇರೆ ಅಂಗಗಳಿಗೆ ಹಾರುವುದು ಅತಿ ವಿರಳ. ಆದರೆ ಅದೇ ಜಾಗದಲ್ಲಿ, ಕೆಲವೊಮ್ಮೆ ಹಲವು ವರ್ಷಗಳ ಬಳಿಕ, ಮತ್ತೆ ಬೆಳೆಯುತ್ತದೆ. ಉಳಿದ ಅರ್ಬುದ ಮರಳಿ ಬರುತ್ತದೆಂದ ಸುಶ್ರುತನ ಎಚ್ಚರಿಕೆ ಇಲ್ಲಿ ನೆನಪಾಗದಿರದು.

ಇಲ್ಲಿಯೂ ಮೊದಲು ವಿಶಾಲವಾಗಿ ಕತ್ತರಿಸುವುದೇ ರೂಢಿಯಾಗಿತ್ತು. ಸ್ಕ್ಯಾನಿಂಗ್ ಬಂದ ಮೇಲೆ ಚಿತ್ರ ಬದಲಾಯಿತು. ಎಂಆರ್‌ಐ ಪರೀಕ್ಷೆಯಲ್ಲಿ ಈ ಗೆಡ್ಡೆಯೊಳಗೆ ಸುಳಿಸುಳಿಯಾದ ಪದರಗಳು ಕಾಣುತ್ತವೆ. ಅದು ಎಲ್ಲಿಯವರೆಗೆ ಹಬ್ಬಿದೆ ಎಂಬುದೂ ಮೊದಲೇ ತಿಳಿಯುತ್ತದೆ. ಹೆಣ್ಣಿನ ಹಾರ್ಮೋನುಗಳಿಗೆ ಇದು ಸ್ಪಂದಿಸುವುದು ಗೊತ್ತಾದ ನಂತರ ಹಾರ್ಮೋನನ್ನು ತಗ್ಗಿಸುವ ಔಷಧಿಗಳೂ ನೆರವಿಗೆ ಬಂದವು. ಮಲಮೂತ್ರದ ಅಂಗಗಳನ್ನೂ ಮಕ್ಕಳಾಗುವ ಶಕ್ತಿಯನ್ನೂ ಬಲಿಕೊಟ್ಟು ಪೂರ್ತಿ ತೆಗೆಯುವುದಕ್ಕಿಂತ, ಸಾಧ್ಯವಾದಷ್ಟು ತೆಗೆದು ವರ್ಷಗಟ್ಟಲೆ ಕಾದು ನೋಡುವುದು ಮೇಲೆಂಬ ಅಭಿಪ್ರಾಯ ಇಂದು ಬಲವಾಗಿದೆ.

ಮಾತೇ ಮೊದಲ ಪರೀಕ್ಷೆ

ತಡೆಯುವ ದಾರಿಯೂ ಒಂದಷ್ಟು ತೆರೆದಿದೆ. ಜರ್ಮನಿಯ ಹರಾಲ್ಡ್ ಸುರ್ ಹೌಸೆನ್ 1980ರ ದಶಕದಲ್ಲಿ ಗರ್ಭಕಂಠದ ಕ್ಯಾನ್ಸರಿಗೆ ಕಾರಣವೆಂದು ಗುರುತಿಸಿದ ಎಚ್‌ಪಿವಿ ವೈರಸ್, ಹೊರಜನನಾಂಗದ ಕ್ಯಾನ್ಸರುಗಳಲ್ಲಿ ಒಂದು ಪಾಲಿಗೂ ಕಾರಣ. ಇದಕ್ಕಾಗಿ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಬಂತು. 2006ರಲ್ಲಿ ಮೊದಲ ಲಸಿಕೆ ಬಂದಿತು. ಪುಣೆಯ ಸೀರಂ ಸಂಸ್ಥೆ ತಯಾರಿಸಿದ ಸರ್ವಾವ್ಯಾಕ್ 2023ರಲ್ಲಿ ಬಿಡುಗಡೆಯಾಯಿತು. ವಯಸ್ಸಾದವರಲ್ಲಿ ಬರುವ ಕ್ಯಾನ್ಸರಿಗೆ ಮಾತ್ರ ಹೆಚ್ಚಾಗಿ ಬೇರೆಯೇ ಹಿನ್ನೆಲೆ ಇದೆ. ಬಹುಕಾಲ ಬಾಧಿಸುವ ನವೆ, ಬಿಳಿಚಿ ತೆಳುವಾಗುವ ಚರ್ಮ ಅದರ ಮುನ್ಸೂಚನೆ. ಅದಕ್ಕೆ ಲಸಿಕೆಯಿಲ್ಲ, ತೋರಿಸಿಕೊಳ್ಳುವುದೊಂದೇ ದಾರಿ.

ತೋರಿಸಿಕೊಳ್ಳಬೇಕಾದರೆ ಮೊದಲು ಹೇಳಲು ಮಾತು ಬೇಕು. ಕನ್ನಡದಲ್ಲಿ ಆ ಮಾತನ್ನು ಸಭ್ಯವಾಗಿ, ಸ್ಪಷ್ಟವಾಗಿ ಆಡಿ ತೋರಿಸಿದವರು ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಡಾ. ಅನುಪಮಾ ನಿರಂಜನ. 1991ರಲ್ಲಿ ನಿಧನರಾದ ಅವರ ‘ತಾಯಿ-ಮಗು’, ‘ದಾಂಪತ್ಯ ದೀಪಿಕೆ’ಯಂಥ ಪುಸ್ತಕಗಳು ಹೆಂಗಸರು ತಮ್ಮ ದೇಹದ ಬಗ್ಗೆ ನಾಚದೆ ಓದಬಹುದೆಂದು ತೋರಿಸಿದವು. ಆ ಪುಸ್ತಕಗಳನ್ನು ಓದಿದವರ ಮಕ್ಕಳು ಮೊಮ್ಮಕ್ಕಳ ಕಾಲದಲ್ಲೂ ಈ ಒಂದು ಗಂಟಿನ ವಿಷಯದಲ್ಲಿ ಮೌನ ಪೂರ್ತಿ ಕರಗಿಲ್ಲ.

ಗಂಟು ಎಷ್ಟು ದಿನದಿಂದ ಇದೆ, ಬೆಳೆಯುತ್ತಿದೆಯೇ, ಕೆಮ್ಮಿದಾಗ ಉಬ್ಬುತ್ತದೆಯೇ, ನವೆ ಅಥವಾ ರಕ್ತ ಉಂಟೇ? ಈ ನಾಲ್ಕು ಪ್ರಶ್ನೆಗಳಿಗೆ ಹೆಂಗಸು ಕೊಡುವ ಉತ್ತರದಿಂದಲೇ ವೈದ್ಯರ ಕೆಲಸ ಆರಂಭವಾಗುತ್ತದೆ. ಸ್ಕ್ಯಾನಿಂಗ್, ಬಯಾಪ್ಸಿ, ಶಸ್ತ್ರಕ್ರಿಯೆ ಎಲ್ಲವೂ ಆಮೇಲಿನವು. ಗಂಟು ಚಿಕ್ಕದಿದ್ದಾಗಲೇ ಹೇಳಿದವರಿಗೆ ಗಾಯವೂ ಚಿಕ್ಕದು ಎಂಬುದನ್ನು ಈ ಚರಿತ್ರೆ ಮತ್ತೆ ಮತ್ತೆ ತೋರಿಸಿಕೊಟ್ಟಿದೆ. ಮನೆಯಲ್ಲಿ ಯಾರಾದರೂ ತಗ್ಗಿದ ದನಿಯಲ್ಲಿ ಇಂಥ ಮಾತು ತೆಗೆದರೆ, ಅದನ್ನು ಅಲ್ಲಿಗೇ ಮುಚ್ಚದೆ ಆಸ್ಪತ್ರೆಯವರೆಗೆ ಜೊತೆಗೆ ಹೋಗುವುದು ಉಳಿದವರ ಕೆಲಸ.